ಸೂಜಿಗಣ್ಣಿನ ಶಿಲ್ಪಿಗಳು

ಸೂಕ್ಷ್ಮಶಿಲ್ಪಿ ವಿಲ್ಲರ್ಡ್ ವಿಗನ್ ಕೆಲಸಕ್ಕೆ ಕೂರುವುದು ಊರು ಮಲಗಿದ ಮೇಲೆ. ಹಗಲು ಹೊತ್ತು ಬೀದಿಯಲ್ಲಿ ಲಾರಿಯೊಂದು ಹಾದುಹೋದರೂ ಮೇಜು ನಡುಗುತ್ತದೆ. ನಮ್ಮ ಅರಿವಿಗೇ ಬಾರದ ಆ ನಡುಕ ಸೂಕ್ಷ್ಮದರ್ಶಕದ ಕೆಳಗೆ ಭೂಕಂಪ. ರಾತ್ರಿಯಾದರೆ ಅದೊಂದು ಕಾಟ ತಪ್ಪುತ್ತದೆ. ಇನ್ನೊಂದು ಕಾಟ ಮಾತ್ರ ಯಾವ ಹೊತ್ತಿನಲ್ಲೂ ಬಿಡುವುದಿಲ್ಲ, ಅದು ಎದೆಯೊಳಗೇ ಇದೆ. ಹೃದಯ ಒಮ್ಮೆ ಬಡಿದರೆ ಆ ಮಿಡಿತ ರಕ್ತನಾಳಗಳಲ್ಲಿ ಹಾದು ಬೆರಳ ತುದಿಗೂ ಬರುತ್ತದೆ, ಬೆರಳಲ್ಲಿ ಹಿಡಿದ ಉಪಕರಣ ಆ ಮಿಡಿತಕ್ಕೆ ಅಲುಗುತ್ತದೆ. ಅದಕ್ಕೇ ವಿಗನ್ ಉಸಿರನ್ನು ನಿಧಾನಕ್ಕಿಳಿಸಿ, ಒಂದು ಬಡಿತ ಮುಗಿದು ಇನ್ನೊಂದು ಬರುವುದರೊಳಗಿನ ಸಂದಿಯಲ್ಲಿ ಮಾತ್ರ ಕೈ ಆಡಿಸುತ್ತಾರೆ. ನಿಮಿಷಕ್ಕೆ 60 ಬಡಿತ ಎಂದಿಟ್ಟುಕೊಂಡರೂ ಆ ಸಂದಿ ಒಂದು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಒಂದು ಗೀರು. ಮತ್ತೆ ಕಾಯುವುದು, ಮತ್ತೊಂದು ಗೀರು. ಹೀಗೆ ವಾರಗಟ್ಟಲೆ.

ಹೀಗೆ ಮೂಡಿದ ಅವರ ಶಿಲ್ಪಗಳು ಸೂಜಿಯ ಕಣ್ಣಿನಲ್ಲಿ, ಗುಂಡುಸೂಜಿಯ ತಲೆಯ ಮೇಲೆ ನಿಂತಿವೆ. ಸೂಜಿಗಣ್ಣಿನಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ ಕೈಯೆತ್ತಿದ್ದಾಳೆ, ಇನ್ನೊಂದು ಸೂಜಿಯ ಕಣ್ಣಿನಲ್ಲಿ ಒಂಟೆಗಳ ಸಾಲು ನಡೆದಿದೆ. ದೊರೆ ಎಂಟನೇ ಹೆನ್ರಿ ತನ್ನ ಆರೂ ಮಂದಿ ರಾಣಿಯರೊಡನೆ ಒಂದೇ ಸೂಜಿಯಲ್ಲಿದ್ದಾನೆ. ಲೂಯಿಸ್ ಕ್ಯಾರಲ್ ಕಥೆಯ ಚಹಾಕೂಟವನ್ನು ವಿಗನ್ ಕಡೆಯುತ್ತಿದ್ದಾಗ ನಡೆದ ಅನಾಹುತವನ್ನು ಈ ಕಲೆಯ ಬಗ್ಗೆ ಬರೆದವರೆಲ್ಲ ಬರೆದಿದ್ದಾರೆ, ನಾನೂ ಬಿಡಲಾರೆ. ಆಲಿಸ್ ಎಂಬ ಹುಡುಗಿಯನ್ನು ಅವಳ ಜಾಗಕ್ಕೆ ಕೂರಿಸುವ ಹೊತ್ತಿಗೆ ಶಿಲ್ಪಿ ಉಸಿರೆಳೆದುಕೊಂಡರು. ಆಲಿಸ್ ಮೂಗಿನೊಳಗೆ ಹೋದಳು. ವಾರಗಳ ದುಡಿಮೆ ಒಂದು ಉಸಿರಿನಲ್ಲಿ ಮುಗಿಯಿತು. ಅವರು ಮತ್ತೊಬ್ಬ ಆಲಿಸಳನ್ನು ಕಡೆದರು.

ಸೂಕ್ಷ್ಮಶಿಲ್ಪ ಎಂದೊಡನೆ ನಮಗೆ ಮೊದಲು ತೋಚುವುದು ಅಳತೆ, ಆಮೇಲೆ ದಾಖಲೆ. ನನಗೆ ಈ ಕಲೆ ದೊಡ್ಡದಾಗಿ ಕಾಣುವುದು ಬೇರೆ ಕಾರಣಕ್ಕೆ. ಕಲ್ಲುಕುಟಿಗ ಕಲ್ಲಿನೊಂದಿಗೆ ಸೆಣಸುತ್ತಾನೆ, ಮರಗೆತ್ತನೆಯವನು ಮರದ ಗಂಟಿನೊಂದಿಗೆ. ಸೂಕ್ಷ್ಮಶಿಲ್ಪಿಗೆ ಎದುರಾಳಿ ಅವನ ಮೈಯೇ. ಉಸಿರು, ನಾಡಿ, ಬೆವರು, ರೆಪ್ಪೆ ಬಡಿಯುವುದು, ಸೀನು, ಬದುಕಿರುವ ಯಾವ ದೇಹವೂ ನಿಲ್ಲಿಸಲಾರದ ಈ ಚಲನೆಗಳ ಮಧ್ಯೆ ಒಂದು ನಿಶ್ಚಲ ಆಕೃತಿಯನ್ನು ಅವನು ತೆಗೆಯಬೇಕು. ಸಣ್ಣದಾಗಿಸುವ ಚಪಲ ಮಾತ್ರ ಇದ್ದವರು ಈ ಕಷ್ಟ ತಾಳಿ ಬಹಳ ಕಾಲ ಉಳಿಯಲಾರರು.

ಅಳತೆಯ ಅಂದಾಜು ಇರಲಿ ಎಂದು ಒಂದೆರಡು ಅಂಕಿಗಳು. ಒಳ್ಳೆಯ ಬೆಳಕಿನಲ್ಲಿ, ಒಂದು ಗೇಣಿನಷ್ಟು ದೂರದಲ್ಲಿಟ್ಟು ನೋಡಿದರೆ ನಮ್ಮ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಕನಿಷ್ಠ ಅಂತರ ಸುಮಾರು 0.1 ಮಿಲಿಮೀಟರ್. ತಲೆಗೂದಲಿನ ದಪ್ಪ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರ್. ವಿಗನ್ 2017ರಲ್ಲಿ ನಾರಿನ ಒಂದು ಎಳೆಯಿಂದ ತೆಗೆದ ಭ್ರೂಣದ ಶಿಲ್ಪ 0.078 ಮಿಲಿಮೀಟರ್ ಉದ್ದ, 0.053 ಮಿಲಿಮೀಟರ್ ಅಗಲ. ಅದನ್ನು ಅವರು ತಮ್ಮದೇ ಗಡ್ಡದ ಕೂದಲೊಂದನ್ನು ಟೊಳ್ಳು ಮಾಡಿ ಅದರೊಳಗೆ ಇಟ್ಟರು. ಕೈಯಿಂದ ಮಾಡಿದ ಅತಿ ಸಣ್ಣ ಶಿಲ್ಪವೆಂದು ಗಿನ್ನೆಸ್ ಅದನ್ನು ದಾಖಲಿಸಿತು. ಅಂದರೆ ಅದು ಕಣ್ಣಿಗೆ ಕಾಣುವ ಗಡಿಯನ್ನೇ ದಾಟಿ ಆಚೆಗಿದೆ. ಮಸೂರ ಇಲ್ಲದಿದ್ದರೆ ಶಿಲ್ಪವೂ ಇಲ್ಲ.

ಇಷ್ಟು ಸಣ್ಣ ಲೋಕಕ್ಕಿಳಿದರೆ ವಸ್ತುಗಳ ನಡತೆಯೇ ಬದಲಾಗುತ್ತದೆ, ಈ ಕಸುಬಿನ ನಿಜವಾದ ಪೇಚು ಅಲ್ಲಿದೆ. ಒಂದು ಆಕೃತಿಯ ಎತ್ತರವನ್ನು ಹತ್ತನೇ ಒಂದಕ್ಕಿಳಿಸಿದರೆ ಅದರ ತೂಕ ಸಾವಿರದಲ್ಲಿ ಒಂದಕ್ಕಿಳಿಯುತ್ತದೆ. ಮೇಲ್ಮೈ ಇಳಿಯುವುದು ನೂರರಲ್ಲಿ ಒಂದಕ್ಕೆ ಮಾತ್ರ. ಹೀಗಾಗಿ ಭಾರಕ್ಕೆ ಬೆಲೆಯಿಲ್ಲದಂತಾಗಿ, ಅಂಟಿಕೊಳ್ಳುವ ಗುಣ ಎದ್ದು ನಿಲ್ಲುತ್ತದೆ. ಕೆತ್ತಿದ ಕೈಯೊಂದು ಉಪಕರಣದಿಂದ ಕೆಳಗೆ ಬೀಳುವುದೇ ಇಲ್ಲ, ಅದಕ್ಕೇ ಅಂಟಿಕೊಂಡು ಕೂರುತ್ತದೆ. ಎತ್ತಿಕೊಳ್ಳುವುದಕ್ಕಿಂತ ಇಳಿಸುವುದು ಕಷ್ಟ. ಗಾಳಿ ಒಣಗಿದ ದಿನ ಸ್ಥಾಯಿ ವಿದ್ಯುತ್ತು ಸೇರಿಕೊಂಡರೆ, ಹತ್ತಿರ ತಂದ ಚೂರು ಟಣ್ಣನೆ ಹಾರಿ ಎಲ್ಲೋ ಮಾಯವಾಗುತ್ತದೆ. ನೆಲದ ಮೇಲೆ ಹುಡುಕುವ ಪ್ರಶ್ನೆಯೇ ಇಲ್ಲ. ಅಂಟಿನ ಒಂದು ಹನಿಯಲ್ಲಿ ಇಡೀ ಶಿಲ್ಪವೇ ಮುಳುಗಿಹೋಗಬಹುದು.

ಸೂಕ್ಷ್ಮದರ್ಶಕವೂ ಪೂರ್ತಿ ನೆಂಟನಲ್ಲ. ಹಿಗ್ಗಿಸಿ ತೋರಿಸಿದಷ್ಟೂ ಅದು ಸ್ಪಷ್ಟವಾಗಿ ತೋರುವ ಪದರ ತೆಳುವಾಗುತ್ತ ಹೋಗುತ್ತದೆ. ಮೂಗು ಸ್ಪಷ್ಟವಾಗಿ ಕಂಡರೆ ಕಿವಿ ಮಸುಕು. ಶಿಲ್ಪಿ ಒಮ್ಮೆಗೆ ಒಂದು ಸೀಳನ್ನಷ್ಟೇ ನೋಡುತ್ತ ಇಡೀ ಮುಖವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಬೇಕು. ಕೈಗೆ ಹೃದಯದ ಮಿಡಿತದ ಜೊತೆಗೆ ತನ್ನದೇ ಒಂದು ಸಹಜ ನಡುಕವೂ ಇದೆ, ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ. ಎಲ್ಲರಿಗೂ ಇರುವ ನಡುಕ ಇದು, ಕಾಯಿಲೆಯಲ್ಲ. ಸೂಕ್ಷ್ಮ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಇದು ಚೆನ್ನಾಗಿ ಗೊತ್ತು. ಅವರು ರಕ್ತನಾಳ ಹೊಲಿಯುವ ಅತಿ ತೆಳು ದಾರದ ದಪ್ಪ 0.02ರಿಂದ 0.03 ಮಿಲಿಮೀಟರ್, ಕೂದಲಿಗಿಂತ ಸಪೂರ. ಅವರೂ ಮೊಣಕೈ, ಮುಂಗೈ, ಕಿರುಬೆರಳನ್ನು ಗಟ್ಟಿಯಾಗಿ ಊರಿಕೊಂಡು ಮೂರು ಬೆರಳಿನಲ್ಲೇ ಕೆಲಸ ನಡೆಸುತ್ತಾರೆ. ಸೂಕ್ಷ್ಮಶಿಲ್ಪಿಯೂ ಹಾಗೆಯೇ. ದೊಡ್ಡದಾಗಿ ಹಿಗ್ಗಿಸಿದ ತನ್ನದೇ ಕೈಯನ್ನು ನೋಡುತ್ತ ನೋಡುತ್ತ ಕೈ ಹಿಡಿತಕ್ಕೆ ಬರುತ್ತದೆ. ಇದು ವರ್ಷಗಳ ಅಭ್ಯಾಸದಿಂದ ಬರುವಂಥದ್ದು, ಹುಟ್ಟುವಾಗಲೇ ಬರುವುದಲ್ಲ.

ಉಪಕರಣಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಸೂಜಿಯ ತುದಿಗೆ ವಜ್ರದ ಚೂರನ್ನು ಕೂರಿಸಿದರೆ ಅದೇ ಉಳಿ. ಬಣ್ಣ ಹಚ್ಚಲು ರೆಪ್ಪೆಗೂದಲು, ಕೆಲವೊಮ್ಮೆ ಸತ್ತ ನೊಣದ ಮೈಮೇಲಿನ ರೋಮ. ಸಾಮಗ್ರಿಗೂ ಹೆಚ್ಚು ಖರ್ಚಿಲ್ಲ. ಚಿನ್ನದ ಚೂರು, ನೈಲಾನ್ ಎಳೆ, ಧೂಳಿನ ಕಣ, ಕೂದಲು, ಜೇಡರ ಬಲೆಯ ನೂಲು ಇಷ್ಟೇ. ಆದರೆ ಬಣ್ಣದ ವಿಷಯದಲ್ಲಿ ಇಲ್ಲೊಂದು ವಿಚಿತ್ರ ತೊಡಕಿದೆ. ನಮಗೆ ನುಣ್ಣಗೆ ಕಾಣುವ ಬಣ್ಣವೂ ಪುಡಿಯ ಕಣಗಳಿಂದಾದದ್ದು. ಈ ಅಳತೆಯಲ್ಲಿ ಆ ಕಣಗಳೇ ಮುಖದ ಮೇಲೆ ಗಂಟುಗಂಟಾಗಿ ಕೂರುತ್ತವೆ.

ವಿಗನ್ ಹುಟ್ಟಿದ್ದು 1957ರಲ್ಲಿ, ಜಮೈಕಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಮನೆಯಲ್ಲಿ. ಅಕ್ಷರಗಳು ತಲೆಗೆ ಹತ್ತದ ಡಿಸ್ಲೆಕ್ಸಿಯಾ ಇತ್ತು, ಶಾಲೆಯಲ್ಲಿ ಅವಮಾನವೇ ಪಾಲಿಗೆ ಬಂತು. ಐದನೇ ವಯಸ್ಸಿನಲ್ಲಿ ಇರುವೆಗಳಿಗೆ ಮನೆಯಿಲ್ಲವಲ್ಲ ಎಂದು ಮರುಗಿ ಸಿಬಿರುಗಳಿಂದ ಪುಟ್ಟ ಮನೆ, ಕುರ್ಚಿ, ಮೇಜು ಮಾಡಿಕೊಟ್ಟ ಹುಡುಗ ಆತ. ಇನ್ನೂ ಸಣ್ಣದು ಮಾಡು, ಕೆಲಸ ಸಣ್ಣದಾದಷ್ಟೂ ನಿನ್ನ ಹೆಸರು ದೊಡ್ಡದಾಗುತ್ತದೆ ಎಂದು ತಾಯಿ ಬೆನ್ನು ತಟ್ಟಿದರು. ಬಹಳ ವರ್ಷ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಈ ಕಲೆಯನ್ನೇ ನೆಚ್ಚಿದರು. 2007ರಲ್ಲಿ ಬ್ರಿಟನ್ ಸರ್ಕಾರದ ಎಂಬಿಇ ಗೌರವ ಬಂತು. 2012ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೇರಿ 60 ವರ್ಷ ತುಂಬಿದಾಗ ಗುಂಡುಸೂಜಿಯ ತಲೆಯ ಮೇಲೆ ಅಪರಂಜಿಯ ಕಿರೀಟ ಕಡೆದುಕೊಟ್ಟರು. ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದು ಅವರು ಐವತ್ತು ದಾಟಿದ ಮೇಲೆ. ಕೆಲಸ ಮಾಡುವಾಗ ತನಗೆ ಸುಖವೇನೂ ಇಲ್ಲ, ಮುಗಿದಾಗ ಮಾತ್ರ ಸಂತೋಷ ಎಂದು ಅವರು ಬಹಿರಂಗವಾಗಿಯೇ ಹೇಳಿದ್ದಾರೆ. ತಪಸ್ಸು, ಧ್ಯಾನ ಎಂದೆಲ್ಲ ನಾವು ಹೊರಗಿನಿಂದ ಹೊಗಳುವುದಕ್ಕಿಂತ ಈ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಸಣ್ಣದನ್ನು ಕಡೆಯುವ ಹಂಬಲ ಸೂಕ್ಷ್ಮದರ್ಶಕಕ್ಕಿಂತ ಎಷ್ಟೋ ಹಳೆಯದು. ಮೊದಲನೇ ಶತಮಾನದ ರೋಮನ್ ಬರಹಗಾರ ಪ್ಲಿನಿ ಇಬ್ಬರು ಗ್ರೀಕ್ ಕುಶಲಿಗಳ ಹೆಸರು ಹೇಳುತ್ತಾನೆ. ಕ್ಯಾಲಿಕ್ರಟೀಸ್ ದಂತದಲ್ಲಿ ಕಡೆದ ಇರುವೆಗಳ ಕಾಲುಗಳು ಬೇರೆಯವರ ಕಣ್ಣಿಗೆ ಕಾಣುತ್ತಲೇ ಇರಲಿಲ್ಲವಂತೆ. ಮಿರ್ಮೆಸಿಡೀಸ್ ನಾಲ್ಕು ಕುದುರೆಗಳ ರಥ ಮಾಡಿದ, ಒಂದು ನೊಣ ರೆಕ್ಕೆ ಹರಡಿದರೆ ಅದು ಮುಚ್ಚಿಹೋಗುತ್ತಿತ್ತು. ಅವನದೇ ಒಂದು ಹಡಗು ಜೇನುಹುಳದ ರೆಕ್ಕೆಯಡಿ ಅಡಗುತ್ತಿತ್ತು. ಆ ವಸ್ತುಗಳು ಉಳಿದಿಲ್ಲ, ಮಾತು ಉಳಿದಿದೆ.

1578ರಲ್ಲಿ ಲಂಡನ್ನಿನ ಕಮ್ಮಾರ ಮಾರ್ಕ್ ಸ್ಕೇಲಿಯಟ್ ಕಬ್ಬಿಣ, ಉಕ್ಕು, ಹಿತ್ತಾಳೆಯ 11 ಬಿಡಿಭಾಗಗಳ ಒಂದು ಬೀಗ ಮಾಡಿದ. ಕೀಲಿಕೈ ಸೇರಿ ಅದರ ತೂಕ ಅರ್ಧ ಗುಲಗಂಜಿಯಷ್ಟು. ಅದಕ್ಕೆ 43 ಕೊಂಡಿಗಳ ಚಿನ್ನದ ಸರಪಳಿ ಸಿಕ್ಕಿಸಿ ಒಂದು ಚಿಗಟದ ಕುತ್ತಿಗೆಗೆ ಕಟ್ಟಿದ, ಚಿಗಟ ಅದನ್ನು ಎಳೆದುಕೊಂಡು ನಡೆಯಿತು. ಇದು ಕುಶಲತೆಯ ಪ್ರದರ್ಶನ. ಅದಕ್ಕೂ ಅರ್ಧ ಶತಮಾನ ಮುಂಚೆ, 1500ರಿಂದ 1530ರ ನಡುವೆ, ನೆದರ್ಲೆಂಡ್ಸ್ ಕಡೆ ಬಾಕ್ಸ್‌ವುಡ್ ಎಂಬ ಗಟ್ಟಿ ಮರದಲ್ಲಿ ತಯಾರಾದ ಪ್ರಾರ್ಥನಾ ಮಣಿಗಳದ್ದು ಬೇರೆಯೇ ಘನತೆ. ಅಕ್ರೋಟು ಕಾಯಿಯ ಗಾತ್ರದ ಗುಂಡನೆಯ ಮಣಿ. ಅದರ ಬಿಜಾಗರಿ ತೆರೆದರೆ ಒಳಗೆ ಏಸುವಿನ ಶಿಲುಬೆ, ಸುತ್ತ ಜನಜಂಗುಳಿ, ಕುದುರೆಗಳು, ಈಟಿಗಳು. ಈ ಕೆಲಸದ ಒಂದು ಭಾಗ ಆಡಮ್ ಡಿರ್ಕ್ಸ್ ಎಂಬ ಕುಶಲಿಯ ಕಾರ್ಯಾಗಾರದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಶತಮಾನಗಳವರೆಗೆ ಇದನ್ನು ಹೇಗೆ ಕಡೆದರೆಂದು ಯಾರಿಗೂ ತಿಳಿದಿರಲಿಲ್ಲ. ಇತ್ತೀಚೆಗೆ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಮಾಡಿದಾಗ ಗುಟ್ಟು ಬಯಲಾಯಿತು. ಅದು ಒಂದೇ ತುಂಡಿನ ಕೆತ್ತನೆಯಲ್ಲ. ಪದರ ಪದರವಾಗಿ ಬೇರೆ ಬೇರೆ ಕೆತ್ತಿ, ಹುಲ್ಲಿನ ಬೀಜಕ್ಕಿಂತ ಸಣ್ಣ ಮರದ ಮೊಳೆಗಳಿಂದ ಜೋಡಿಸಿದ್ದರು. 2016ರಿಂದ ಟೊರಾಂಟೊ, ನ್ಯೂಯಾರ್ಕ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಇವುಗಳ ದೊಡ್ಡ ಪ್ರದರ್ಶನ ನಡೆಯಿತು. ಅಂಗೈಯಲ್ಲಿ ಹಿಡಿದು ಪ್ರಾರ್ಥಿಸುವವನಿಗೆ ಇಡೀ ಪುರಾಣ ಅಂಗೈಯಲ್ಲೇ ಇರಲಿ ಎಂಬುದು ಆ ಕೆತ್ತನೆಯ ಉದ್ದೇಶ. ಸಣ್ಣದಾಗಿರಲು ಅದಕ್ಕೊಂದು ಕಾರಣವಿತ್ತು.

ಚೀನಾದಲ್ಲಿ ಹಣ್ಣಿನ ಬೀಜ ಕೆತ್ತುವ ಪರಂಪರೆಗೆ ಸಾಹಿತ್ಯದ ನಂಟೂ ಇದೆ. ಮಿಂಗ್ ಅರಸರ ಕಾಲದ ವೇಯ್ ಶುಯೆಯಿ ಎಂಬ ಬರಹಗಾರ ಪೀಚ್ ಹಣ್ಣಿನ ಬೀಜದಲ್ಲಿ ಕಡೆದ ದೋಣಿಯೊಂದರ ಬಗ್ಗೆ ಬರೆದ ಪ್ರಬಂಧವನ್ನು ಚೀನಾದ ಮಕ್ಕಳು ಇಂದಿಗೂ ಶಾಲೆಯಲ್ಲಿ ಓದುತ್ತಾರೆ. ದೋಣಿ 1622ರದು, ಶಿಲ್ಪಿ ವಾಂಗ್ ಶುಯುವಾನ್. ಐದು ಜನ, ಎಂಟು ಕಿಟಕಿ, 34 ಅಕ್ಷರ ಎಂದು ಬರಹಗಾರ ಒಂದೊಂದನ್ನೂ ಎಣಿಸಿ ಹೇಳುತ್ತಾನೆ. ಸು ದೊಂಗ್‌ಪೋ ಎಂಬ ಕವಿ ಬೆಳದಿಂಗಳಲ್ಲಿ ಕೆಂಪು ಬಂಡೆಯ ಕಡೆಗೆ ದೋಣಿಯಲ್ಲಿ ಹೋದ ಪ್ರಸಂಗ ಅದು. ಇದೇ ಪ್ರಸಂಗವನ್ನು ಚೆನ್ ಝುಝಾಂಗ್ ಎಂಬಾತ 1737ರಲ್ಲಿ ಆಲಿವ್ ಬೀಜದಲ್ಲಿ ಕಡೆದದ್ದು ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ದೋಣಿ 3.4 ಸೆಂಟಿಮೀಟರ್ ಉದ್ದ, 1.6 ಸೆಂಟಿಮೀಟರ್ ಎತ್ತರ. ಎಂಟು ಮಂದಿ ಕೂತಿದ್ದಾರೆ, ಪುಟ್ಟ ಕಿಟಕಿಗಳನ್ನು ತೆರೆಯಬಹುದು, ಮುಚ್ಚಬಹುದು. ದೋಣಿಯ ತಳದಲ್ಲಿ ಆ ಕವಿಯ ಗದ್ಯಕಾವ್ಯ, 300ಕ್ಕೂ ಹೆಚ್ಚು ಅಕ್ಷರಗಳಲ್ಲಿ.

ಸೂಕ್ಷ್ಮದರ್ಶಕವನ್ನು ಮೇಜಿಗೇರಿಸಿಕೊಂಡ ಇಂದಿನ ಸೂಕ್ಷ್ಮಶಿಲ್ಪ ಬಹುಮಟ್ಟಿಗೆ ಬೆಳೆದದ್ದು ಹಳೆಯ ಸೋವಿಯತ್ ನಾಡಿನಲ್ಲಿ. ಅಲ್ಲಿ ಅದಕ್ಕೆ ಒಂದು ಕಥೆಯ ಬಲವಿತ್ತು. ನಿಕೊಲಾಯ್ ಲೆಸ್ಕೋವ್ 1881ರಲ್ಲಿ ಬರೆದ ಕಥೆ ಅದು. ಇಂಗ್ಲಿಷರು ರಷ್ಯಾದ ತ್ಸಾರನಿಗೆ ಕೀಲಿ ಕೊಟ್ಟರೆ ಕುಣಿಯುವ ಉಕ್ಕಿನ ಚಿಗಟವೊಂದನ್ನು ಕೊಡುತ್ತಾರೆ. ಅದನ್ನು ಮೀರಿಸಿ ತೋರಿಸಬೇಕೆಂದು ತೂಲಾ ಪಟ್ಟಣದ ಬಂದೂಕು ಕಮ್ಮಾರರಿಗೆ ಆಜ್ಞೆಯಾಗುತ್ತದೆ. ಅವರು ಆ ಚಿಗಟದ ಕಾಲುಗಳಿಗೆ ಲಾಳ ಹೊಡೆಯುತ್ತಾರೆ. ಒಂದೊಂದು ಲಾಳದ ಮೇಲೂ ಮಾಡಿದವನ ಹೆಸರು. ಎಡಗೈಯ ಕಮ್ಮಾರನೊಬ್ಬನ ಹೆಸರು ಮಾತ್ರ ಎಲ್ಲೂ ಇಲ್ಲ, ಏಕೆಂದರೆ ಅವನು ಮಾಡಿದ್ದು ಲಾಳದ ಮೊಳೆಗಳನ್ನು. ಅವು ಯಾವ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ನಾವು ಬಡವರು, ನಮ್ಮಲ್ಲಿ ಸೂಕ್ಷ್ಮದರ್ಶಕವಿಲ್ಲ, ಕಣ್ಣೇ ಪಳಗಿದೆ ಎನ್ನುತ್ತಾನೆ ಆತ. ಕಥೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಮರೆಯುವವರೇ ಹೆಚ್ಚು. ಲಾಳದ ಭಾರಕ್ಕೆ ಆ ಚಿಗಟ ಕುಣಿಯುವುದನ್ನೇ ನಿಲ್ಲಿಸುತ್ತದೆ. ಸೂಕ್ಷ್ಮಶಿಲ್ಪಿಗಳಿಗೆ ಇದಕ್ಕಿಂತ ಖಚಿತವಾದ ಎಚ್ಚರಿಕೆಯನ್ನು ಬೇರಾರೂ ಕೊಟ್ಟಿಲ್ಲ.

ಅಂದಿನಿಂದ ಅಲ್ಲಿನ ಶಿಲ್ಪಿಗಳಿಗೆ ನಿಜವಾದ ಚಿಗಟಕ್ಕೆ ಲಾಳ ಹೊಡೆಯುವುದೇ ಪರೀಕ್ಷೆ. ಉಕ್ರೇನಿನ ಮಿಕೋಲಾ ಸ್ಯಾದ್ರಿಸ್ಟಿ ಚಿನ್ನದ ಲಾಳ ತೊಡಿಸಿದರು. ಸೈಬೀರಿಯಾದ ಓಮ್ಸ್ಕ್ ನಗರದ ಅನಾತೋಲಿ ಕೊನೆಂಕೊ, ನೊವೊಸಿಬಿರ್ಸ್ಕ್‌ನ ಭೌತವಿಜ್ಞಾನಿ ವ್ಲಾದಿಮಿರ್ ಅನಿಸ್ಕಿನ್ ಕೂಡ ಮಾಡಿದರು. ಅನಿಸ್ಕಿನ್ 2016ರಲ್ಲಿ 0.07 ಮಿಲಿಮೀಟರ್ ಅಗಲ, 0.09 ಮಿಲಿಮೀಟರ್ ಎತ್ತರದ ಪುಸ್ತಕವೊಂದನ್ನು ಮಾಡಿ, ಅದರಲ್ಲಿ ಚಿಗಟಕ್ಕೆ ಲಾಳ ಹೊಡೆದ ಕುಶಲಿಗಳ ಹೆಸರುಗಳನ್ನು ಬರೆದರು. ಕಥೆಯ ಕಮ್ಮಾರನಿಗೆ ಹೆಸರು ದಕ್ಕಲಿಲ್ಲ, ನಿಜವಾಗಿ ಮಾಡಿದವರಿಗಾದರೂ ಸಿಕ್ಕಿತು.

ಸ್ಯಾದ್ರಿಸ್ಟಿಯವರ ಕೆಲಸದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1937ರಲ್ಲಿ ಖಾರ್ಕಿವ್ ಪ್ರಾಂತ್ಯದ ಹಳ್ಳಿಯಲ್ಲಿ ಹುಟ್ಟಿದ ಇವರು ಓದಿದ್ದು ಕೃಷಿ, ಹೆಸರು ಮಾಡಿದ್ದು ನೀರೊಳಗಿನ ಈಜಿನ ಕ್ರೀಡೆಯಲ್ಲಿ. ನೀರಿನಡಿ ಉಸಿರು ಹಿಡಿಯುವುದನ್ನು ಕಲಿತ ಮನುಷ್ಯ ಸೂಕ್ಷ್ಮದರ್ಶಕದ ಮುಂದೆ ಕೂತದ್ದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ಕೀವ್ ನಗರದ ಪೆಚೆರ್ಸ್ಕ್ ಲಾವ್ರಾ ಎಂಬ ಪುರಾತನ ಮಠದ ಆವರಣದಲ್ಲಿ ಅವರ ಸೂಕ್ಷ್ಮಶಿಲ್ಪಗಳದ್ದೇ ಒಂದು ಸಂಗ್ರಹಾಲಯವಿದೆ. ಒಂದೊಂದು ಕೃತಿಗೂ ಒಂದೊಂದು ಮಸೂರ. ತಲೆಗೂದಲೊಂದನ್ನು ಕೊರೆದು ಒಳಗೆ ಗುಲಾಬಿ ಗಿಡ ಇಟ್ಟಿದ್ದಾರೆ, ಕೂದಲನ್ನು ಒಳಗಿನದು ಕಾಣುವಷ್ಟು ತಿಳಿಯಾಗಿ ಉಜ್ಜಿದ್ದಾರೆ. ಉಕ್ರೇನಿನ ಮಹಾಕವಿ ತಾರಾಸ್ ಶೆವ್ಚೆಂಕೊನ ‘ಕೊಬ್ಜಾರ್’ ಕವನಸಂಕಲನದ 0.6 ಚದರ ಮಿಲಿಮೀಟರ್ ಗಾತ್ರದ ಪ್ರತಿ ಅಲ್ಲಿದೆ. ಹಾಳೆಗಳನ್ನು ಜೇಡರ ಬಲೆಯ ನೂಲಿನಿಂದ ಹೊಲಿದಿದ್ದಾರೆ, ಪುಟ ಮಗುಚಲು ಚೂಪು ಮಾಡಿದ ಕೂದಲಿನ ತುದಿ ಬೇಕು. ಆ ಪುಸ್ತಕಕ್ಕೆ ಹೊದಿಸಿದ್ದು ಬಾಡದ ಹೂವೆಂದು ಹೆಸರಾದ ಒಂದು ಹೂವಿನ ಎಸಳು. ಇಷ್ಟು ಸಣ್ಣ ಕೆಲಸದಲ್ಲೂ ಹೊದಿಕೆಗೆ ಯಾವ ಹೂವು ಸಲ್ಲುತ್ತದೆಂದು ಯೋಚಿಸಿದ ಮನಸ್ಸು ಕಲಾವಿದನದು.

ಅರ್ಮೇನಿಯಾದಲ್ಲಿ ಈ ಕಲೆ ಸಂಗೀತಗಾರರ ಕೈಸೇರಿತು. ಯೆರೆವಾನ್ ನಗರದ ಎಡ್ವರ್ಡ್ ಕಜಾರಿಯನ್ ಪಿಟೀಲು ಬಲ್ಲವರು. ಅವರಿಂದ ಕಲಿತ ಹಗೋಪ್ ಸಂದಲ್ಜಿಯಾನ್ ಕೂಡ ಪಿಟೀಲು, ವಿಯೋಲಾ ನುಡಿಸುತ್ತಿದ್ದವರು. ಸಂದಲ್ಜಿಯಾನ್ ಹುಟ್ಟಿದ್ದು 1931ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಅರ್ಮೇನಿಯಾಕ್ಕೆ ಬಂದು, ಮಾಸ್ಕೋದಲ್ಲಿ ಸಂಗೀತ ಕಲಿತು, ವಾದ್ಯ ನುಡಿಸುವವನ ಮೈ ಕೈ ಹೇಗಿರಬೇಕು, ಯಾವ ಸ್ನಾಯು ಎಷ್ಟು ಬಿಗಿಯಾಗಬೇಕು ಎಂಬುದನ್ನೇ ಅಧ್ಯಯನ ಮಾಡಿ ಪಾಠ ಹೇಳಿದವರು. ಕಮಾನಿನ ತುದಿಗೂ ಎದೆಬಡಿತಕ್ಕೂ ಇರುವ ನಂಟು ಪಿಟೀಲು ವಾದಕರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಲ್ಲು ಮರಗಳ ಶಿಲ್ಪಿಗಳ ಬದಲು ತಂತಿವಾದ್ಯದವರು ಈ ಕಲೆಗೆ ಹೊಂದಿಕೊಂಡದ್ದು ಇದಕ್ಕೇ ಇರಬೇಕು. ದಿನಕ್ಕೆ ಹಲವು ಗಂಟೆ ಸಾಧನೆ ಮಾಡುವ ನಮ್ಮ ವೀಣೆ, ಪಿಟೀಲು ವಿದ್ವಾಂಸರಿಗೂ ಈ ಮಾತು ಅರ್ಥವಾದೀತು.

1980ರಲ್ಲಿ ಸಂದಲ್ಜಿಯಾನ್ ಕುಟುಂಬ ಅಮೆರಿಕದ ಲಾಸ್ ಏಂಜಲೀಸಿಗೆ ವಲಸೆ ಹೋಯಿತು. ಅಲ್ಲಿ ಅವರು ಕಡೆದ ಆಕೃತಿಗಳಲ್ಲಿ ಎರಡು ಲೋಕಗಳೂ ಇವೆ. ಅಕ್ಕಿಕಾಳಿನ ಮೇಲೆ ತಾಯ್ನಾಡಿನ ಅರಾರತ್ ಪರ್ವತ, ಸೂಜಿಗಣ್ಣಿನಲ್ಲಿ ನೆಪೋಲಿಯನ್, ಪೋಪ್ ಎರಡನೇ ಜಾನ್ ಪಾಲ್. ಜೊತೆಗೆ ಹೊಸ ನಾಡಿನ ಡಿಸ್ನಿ ಸಿನಿಮಾಗಳ ಸ್ನೋ ವೈಟ್ ಮತ್ತವಳ ಏಳು ಕುಬ್ಜರು, ಗೂಫಿ ಎಂಬ ನಾಯಿ. ಅವರೂ ನಿರ್ಣಾಯಕ ಗೀರುಗಳನ್ನು ಎದೆಬಡಿತದ ಸಂದಿಯಲ್ಲೇ ಎಳೆಯುತ್ತಿದ್ದರು. ಒಂದೊಂದು ಕೃತಿಗೆ ತಿಂಗಳುಗಳು ಹಿಡಿದವು. 1990ರಲ್ಲಿ ತೀರಿಕೊಂಡಾಗ ಉಳಿದ ಸೂಕ್ಷ್ಮಶಿಲ್ಪಗಳು 33. ಲಾಸ್ ಏಂಜಲೀಸಿನಲ್ಲಿ ಡೇವಿಡ್ ವಿಲ್ಸನ್ ಕಟ್ಟಿದ ಮ್ಯೂಸಿಯಂ ಆಫ್ ಜುರಾಸಿಕ್ ಟೆಕ್ನಾಲಜಿ ಎಂಬ ವಿಲಕ್ಷಣ ಸಂಗ್ರಹಾಲಯದಲ್ಲಿ ಇವರ ಕೃತಿಗಳನ್ನು ನೋಡಬಹುದು. ಪ್ರಖ್ಯಾತ ಶಿಲ್ಪಿಗಳಿಗೆ ಹೋಲಿಸಿದರೆ 33 ಸಣ್ಣ ಸಂಖ್ಯೆ. ಅವನ್ನೆಲ್ಲ ಒಟ್ಟು ಮಾಡಿದರೂ ಒಂದು ಚಿಟಿಕೆಯಾಗದು. ಆದರೂ ಮನೆ ಬಿಟ್ಟು ದೂರ ಬಂದ ಒಬ್ಬ ಮನುಷ್ಯನ ನೆನಪೂ ಹೊಸ ಬೆರಗೂ ಅಲ್ಲಿ ಅಕ್ಕಪಕ್ಕದಲ್ಲಿವೆ. ನನ್ನ ಲೆಕ್ಕದಲ್ಲಿ ಈ ಕಲೆಯಲ್ಲಿ ಎಲ್ಲರಿಗಿಂತ ದೊಡ್ಡವರು ಸಂದಲ್ಜಿಯಾನ್.

ವಿಜ್ಞಾನವೂ ಈ ಕಡೆ ಬಂದಿದೆ. 1959ರ ಡಿಸೆಂಬರ್ ಕೊನೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕ್ಯಾಲ್ಟೆಕ್‌ನ ಉಪನ್ಯಾಸದಲ್ಲಿ ಒಂದು ಪಂದ್ಯ ಕಟ್ಟಿದರು. ಇಂಚಿನ 64ನೇ ಒಂದು ಭಾಗದೊಳಗೆ, ಅಂದರೆ 0.4 ಮಿಲಿಮೀಟರಿನ ಘನದೊಳಗೆ ಹಿಡಿಸುವ ವಿದ್ಯುತ್ ಮೋಟಾರು ಮಾಡಿದವರಿಗೆ 1,000 ಡಾಲರ್. ಯಾರಾದರೂ ಹೊಸ ತಂತ್ರವನ್ನೇ ಹುಟ್ಟುಹಾಕುತ್ತಾರೆ ಎಂಬುದು ಅವರ ಆಸೆ. ಮರುವರ್ಷವೇ ವಿಲಿಯಂ ಮೆಕ್ಲೆಲನ್ ಎಂಬ ಎಂಜಿನಿಯರ್ ಸೂಕ್ಷ್ಮದರ್ಶಕ ಹೊತ್ತುಕೊಂಡು ಬಂದರು. ಗಡಿಯಾರ ರಿಪೇರಿಯವರ ಕಡೆಯುವ ಯಂತ್ರ, ಚಿತ್ರಕಾರರ ಕುಂಚ, ಹಲ್ಲುಕಡ್ಡಿ ಇಷ್ಟೇ ಬಳಸಿ ಕೈಯಿಂದಲೇ ಮೋಟಾರು ಮಾಡಿ ತಂದಿದ್ದರು, ಅದು ತಿರುಗಿತು. ಫೈನ್‌ಮನ್ ಹಣ ಕೊಟ್ಟರು. ಹೊಸ ತಂತ್ರ ಬೇಕೆಂದವರಿಗೆ ಹಳೆಯ ಕೈಕಸುಬೇ ಉತ್ತರ ಕೊಟ್ಟಿತ್ತು.

ಹೊಸ ತಂತ್ರ ಆಮೇಲೆ ಬಂತು. 2001ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಸತೋಶಿ ಕವಾಟಾ ಅವರ ತಂಡ ಲೇಸರ್ ಕಿರಣದಿಂದ ರಾಳವನ್ನು ಚುಕ್ಕೆಚುಕ್ಕೆಯಾಗಿ ಗಟ್ಟಿಮಾಡಿ ಒಂದು ಗೂಳಿಯನ್ನು ಮೂಡಿಸಿತು. ಉದ್ದ 0.01 ಮಿಲಿಮೀಟರ್, ಎತ್ತರ 0.007. ನಮ್ಮ ರಕ್ತದ ಒಂದು ಕೆಂಪು ಕಣದ ಗಾತ್ರ. 2014ರಲ್ಲಿ ಜಾಂಟಿ ಹರ್ವಿಟ್ಜ್ ಎಂಬ ಕಲಾವಿದ ಇದೇ ವಿಧಾನದಲ್ಲಿ ಹೆಣ್ಣಿನ ಆಕೃತಿಯೊಂದನ್ನು ಮೂಡಿಸಿದರು. ಅದರ ಫೋಟೋ ತೆಗೆಯುವ ಕೆಲಸದ ನಡುವೆ ಶಿಲ್ಪವೇ ಕಳೆದುಹೋಯಿತು. ಗಾತ್ರದ ಪಂದ್ಯದಲ್ಲಿ ಯಂತ್ರವನ್ನು ಇನ್ನು ಯಾವ ಕೈಯೂ ಸೋಲಿಸಲಾರದು. ಕೈಯ ಶಿಲ್ಪಿಗೆ ಇದರಿಂದ ನಷ್ಟವಾಯಿತೆಂದು ನಾನು ತಿಳಿಯುವುದಿಲ್ಲ. ಎಷ್ಟು ಸಣ್ಣದು ಎಂಬ ಪ್ರಶ್ನೆ ಯಂತ್ರದ ಪಾಲಾದ ಮೇಲೆ, ಎಷ್ಟು ಚೆನ್ನಾಗಿದೆ ಎಂಬ ಪ್ರಶ್ನೆ ಮಾತ್ರ ಶಿಲ್ಪಿಗೆ ಉಳಿಯಿತು.

ನಮ್ಮಲ್ಲೂ ಗೂಳಿಯಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ನವರಂಗದಲ್ಲಿ ನರಸಿಂಹ ಕಂಬವೆಂದು ಹೆಸರಾದ ಕಂಬವಿದೆ. ಅದರ ಮೈತುಂಬ ಕಿರುಶಿಲ್ಪಗಳು, ಅವುಗಳಲ್ಲಿ ಒಂದು ಕಡಲೆ ಬಸವ. ಕಡಲೆಕಾಳಿನ ಗಾತ್ರದ್ದೆಂದೇ ಆ ಹೆಸರು. ಹೊಸದಾಗಿ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು, ಬರಿಗಣ್ಣು, ಉಳಿ. ಅಷ್ಟರಲ್ಲೇ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನಂಥವರ ಕಾಲದ ಶಿಲ್ಪಿಗಳು ಮದನಿಕೆಯ ತಲೆಯ ಮೇಲಿನ ಎಲೆಬಳ್ಳಿಯಲ್ಲಿ ಹಣ್ಣು, ಹಣ್ಣಿಗೊಂದು ನೊಣ, ನೊಣಕ್ಕೆ ಹೊಂಚುವ ಹಲ್ಲಿಯನ್ನು ತಂದರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅಕ್ಕಿಕಾಳಿನ ಮೇಲೆ ಬರೆದ ಚಿತ್ರಗಳಿವೆ, ಭೂತಗನ್ನಡಿ ಹಿಡಿದೇ ನೋಡಬೇಕು. ಜಾತ್ರೆಗಳಲ್ಲಿ ಅಕ್ಕಿಕಾಳಿನ ಮೇಲೆ ಹೆಸರು ಬರೆದು ಎಣ್ಣೆ ತುಂಬಿದ ಗಾಜಿನ ಕೊಳವೆಯಲ್ಲಿ ಹಾಕಿಕೊಡುವವರನ್ನು ನಾವೆಲ್ಲ ನೋಡಿದ್ದೇವೆ. ಆ ಕೊಳವೆಯೇ ಮಸೂರದ ಕೆಲಸ ಮಾಡಿ ಅಕ್ಷರಗಳನ್ನು ಹಿಗ್ಗಿಸಿ ತೋರಿಸುತ್ತದೆ.

ಈಗ ಪೆನ್ಸಿಲಿನ ಸೀಸದ ತುದಿಯಲ್ಲಿ, ಸೀಮೆಸುಣ್ಣದಲ್ಲಿ, ಅಕ್ಕಿಕಾಳಿನಲ್ಲಿ ಕೆತ್ತುವ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲೂ ಕಾಣಿಸುತ್ತಿದ್ದಾರೆ. ಪೆನ್ಸಿಲ್ ತುದಿಯ ಕೆತ್ತನೆಗೆ ಜಗತ್ತಿನ ಗಮನ ಸೆಳೆದವರಲ್ಲಿ ಒಬ್ಬರು ಬ್ರೆಜಿಲ್ ಮೂಲದ ಅಮೆರಿಕದ ಬಡಗಿ ಡಾಲ್ಟನ್ ಗೆಟ್ಟಿ. ಬ್ಲೇಡು, ಹೊಲಿಗೆ ಸೂಜಿ ಇಷ್ಟರಲ್ಲೇ ಕೆತ್ತುವ ಅವರು ತಮ್ಮ ಕೃತಿಗಳನ್ನು ಮಾರುವುದಿಲ್ಲ. ನಮ್ಮ ಹುಡುಗರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಯಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳಿರುತ್ತವೆ: ಎಷ್ಟು ಮಿಲಿಮೀಟರ್, ಯಾವ ದಾಖಲೆ. ಗಣಪತಿಯ ಸೊಂಡಿಲಿನ ತಿರುವು ಹೇಗಿದೆ, ಕೂತ ಭಂಗಿಯಲ್ಲಿ ಜೀವವಿದೆಯೇ, ಮುಖದಲ್ಲಿ ಭಾವವಿದೆಯೇ ಎಂದು ಯಾರೂ ಬರೆಯುವುದಿಲ್ಲ. ಪಕ್ಕದಲ್ಲೊಂದು ನಾಣ್ಯವಿಟ್ಟು ತೆಗೆದ ಫೋಟೋ ಗಾತ್ರವನ್ನಷ್ಟೇ ಹೇಳುತ್ತದೆ. ಇದರಿಂದ ಆ ಹುಡುಗರಿಗೆ ಅನ್ಯಾಯವಾಗುತ್ತಿದೆ. ಅಳತೆಯನ್ನಷ್ಟೇ ಹೊಗಳಿದರೆ ಅವರು ಇನ್ನಷ್ಟು ಸಣ್ಣದು ಮಾಡುತ್ತಾರೆ, ಇನ್ನಷ್ಟು ಒಳ್ಳೆಯದು ಮಾಡುವುದಿಲ್ಲ. ಭಂಗಿಯನ್ನು, ಮುಖವನ್ನು ನೋಡಿ ಮಾತಾಡುವವರು ಬೇಕು, ಬೇಕಾದರೆ ತಪ್ಪನ್ನೂ ಹೇಳುವವರು ಬೇಕು.

ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಕಾಲೇಜುಗಳ ಜೀವಶಾಸ್ತ್ರ ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕಗಳಿವೆ. ಎರಡೂ ಕಣ್ಣಿನಿಂದ ನೋಡುವಂಥದ್ದಾದರೆ ಇನ್ನೂ ಒಳ್ಳೆಯದು, ಆಕೃತಿಯ ಆಳ ತಿಳಿಯುತ್ತದೆ. ಕಲಾ ಪ್ರದರ್ಶನ ಏರ್ಪಡಿಸುವವರು ಇಂಥ ಶಿಲ್ಪವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಳತೆಯ ಚೀಟಿ ಅಂಟಿಸುವ ಬದಲು, ಅಂಥ ಸೂಕ್ಷ್ಮದರ್ಶಕವೊಂದನ್ನು ತಂದಿಟ್ಟು ಒಳ್ಳೆಯ ದೀಪ ಹಾಕಲಿ. ನೋಡಲು ಹೋದವರು ಸಾಲಿನಲ್ಲಿ ನಿಂತಾದರೂ ಸರಿ, ಮಸೂರದಲ್ಲಿ ಕಣ್ಣಿಟ್ಟು ಒಂದು ಪೂರ್ತಿ ನಿಮಿಷ ನೋಡಿ. ಆಮೇಲೆ ಶಿಲ್ಪಿ ಅಲ್ಲೇ ಇದ್ದರೆ, ಎಷ್ಟು ಮಿಲಿಮೀಟರ್ ಎಂದು ಕೇಳುವ ಬದಲು ಮುಖವನ್ನು ಹೇಗೆ ತೆಗೆದಿರಿ ಎಂದು ಕೇಳಿ.